ಕ್ಯಾತಣ್ಣ ಹಾಕದ ತಗಡು

ಕ್ಯಾತಣ್ಣ ಮೇಸ್ತ್ರಿ ಯಾವ ಗಾಡಿ ಬಂದರೂ ಮೊದಲು ಅದರ ಮುಂದಕ್ಕೆ ಬರುತ್ತಿರಲಿಲ್ಲ, ಹಿಂದಕ್ಕೆ ಹೋಗುತ್ತಿದ್ದ. ಸೈಲೆನ್ಸರಿನ ಬಾಯಿ ಹತ್ತಿರ ಕುಕ್ಕರಗಾಲಲ್ಲಿ ಕೂತು, ಇಂಜಿನ್ ಚಾಲೂ ಮಾಡಿಸಿ, ಹಳೇ ಪಂಚೆಯ ಬಿಳಿ ತುಂಡೊಂದನ್ನು ಹೊಗೆಗೆ ಅಡ್ಡ ಹಿಡಿಯುತ್ತಿದ್ದ. ಆಮೇಲೆ ಆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ, ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ತಂದು ಒಂದು ಸಲ 'ಹೂಂ' ಅನ್ನುತ್ತಿದ್ದ. ಆ ಹೂಂ ಬರುವ ತನಕ ಗಾಡಿಯವನು ಬಾಯಿ ಮುಚ್ಚಿಕೊಂಡು ನಿಂತಿರಬೇಕು. ನಡುವೆ ಮಾತಾಡಿದರೆ ಅವನಿಗೆ ಕೆಟ್ಟ ಸಿಟ್ಟು.

ಅವನ ಗ್ಯಾರೇಜು ಚಳ್ಳಕೆರೆಯಲ್ಲಿ, ಮ್ಯಾಕ್ಸಿಕ್ಯಾಬ್ ಸ್ಟ್ಯಾಂಡಿನ ಎದುರಿಗೆ, ಒಂದು ಬೇವಿನ ಮರದ ಕೆಳಗೆ. ಬೋರ್ಡು ಇರಲಿಲ್ಲ. ಬೋರ್ಡು ಯಾಕಿಲ್ಲ ಅಂತ ಕೇಳಿದರೆ, ಬೇವಿನ ಮರಕ್ಕೂ ಬೋರ್ಡಿಲ್ಲ, ಆದರೂ ಜನ ನೆರಳಿಗೆ ಬರ್ತಾರೆ ಅನ್ನುತ್ತಿದ್ದ. ಮೊಳಕಾಲ್ಮುರು ಕಡೆಯವನು, ಸಿದ್ದಾಪುರದ ಪಕ್ಕದ ಹಟ್ಟಿ. ಕುರಿ ಕಾಯುವ ಮನೆತನ. ಹುಡುಗನಾಗಿದ್ದಾಗ ಶೇಂಗಾ ಮಿಲ್ಲಿನ ಲಾರಿಯೊಂದರ ಹಿಂದೆ ಬಂದವನು ಇಂಜಿನ್ನಿನ ಹುಚ್ಚು ಹಿಡಿಸಿಕೊಂಡು ಊರಿಗೆ ವಾಪಸು ಹೋಗಲಿಲ್ಲ. ನಮ್ಮೊಂದಿಗೆ ಮಾತೆಲ್ಲ ಕನ್ನಡದಲ್ಲಿ, ಬಿಗಿದ ಬೋಲ್ಟಿಗೆ ಬೈಯುವುದು ಮಾತ್ರ ತೆಲುಗಿನಲ್ಲಿ. ಕನ್ನಡದಲ್ಲಿ ಬೈದರೆ ಅದು ಸಡಿಲ ಆಗುವುದಿಲ್ಲವಂತೆ.

ನಾನು ಪಶು ಆಸ್ಪತ್ರೆಯ ನೌಕರ. ದೊಡ್ಡ ಡಾಕ್ಟರಲ್ಲ, ಹಳ್ಳಿ ತಿರುಗಿ ಲಸಿಕೆ ಹಾಕುವವನು, ಸಣ್ಣಪುಟ್ಟ ಕಾಯಿಲೆ ನೋಡುವವನು. ಆದರೂ ತಳಕಿನಿಂದ ಮೊಳಕಾಲ್ಮುರು ತನಕ ಜನ ನನ್ನನ್ನು ಡಾಕ್ಟ್ರೇ ಅಂತಲೇ ಕರೆಯುವುದು. ನಾನೂ ಬೇಡ ಅನ್ನಲಿಲ್ಲ. ಕಲ್ಲುಬೆಟ್ಟದ ಸಂದಿಯ ಹಟ್ಟಿಗಳಿಗೆ ಬಸ್ಸು ಹೋಗುವುದಿಲ್ಲ, ಅದಕ್ಕೇ ಒಂದು ಹಳೇ ಡೀಸೆಲ್ ಜೀಪು ಇಟ್ಟುಕೊಂಡಿದ್ದೆ. ಐಸ್ ಡಬ್ಬಿ, ಸೂಜಿ, ಔಷಧಿ ಎಲ್ಲ ಅದರಲ್ಲೇ. ಅದು ಕೆಟ್ಟಿತೆಂದರೆ ನನ್ನ ಡಾಕ್ಟರಿಕೆಯೂ ಕೆಟ್ಟಂತೆ.

ಕ್ಯಾತಣ್ಣ ಬಾನೆಟ್ ಎತ್ತುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ: "ಬ್ಯಾರೆ ಯಾರಾನ ಕೈ ಹಾಕಿದಾರಾ?" ಹಾಕಿದ್ದಾರೆ ಅಂದರೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಯಾರು, ಏನು ಬಿಚ್ಚಿದರು, ಏನು ಹಾಕಿದರು ಅಂತ ಕೇಳಿಕೊಂಡು ಅಲ್ಲಿಂದ ಕೆಲಸ ಶುರು. ಈ ಪ್ರಶ್ನೆ ನನಗೆ ಬಹಳ ಹಿಡಿಸಿತ್ತು, ಏಕೆಂದರೆ ನನ್ನದೂ ಅದೇ ಪ್ರಶ್ನೆ. ಹೊಟ್ಟೆ ಉಬ್ಬಿದ ಹಸುವಿನ ಮುಂದೆ ನಿಂತು ನಾನು ಮೊದಲು ಕೇಳುವುದು, ಬೇರೆ ಯಾರಾದರೂ ಏನಾದರೂ ಕುಡಿಸಿದ್ದಾರಾ ಅಂತ. ತಳಕಿನ ಹತ್ತಿರ ಒಬ್ಬ ರೈತ ಇಲ್ಲ ಅಂತ ಸುಳ್ಳು ಹೇಳಿದ್ದ, ಹಸು ಉಳಿಯಲಿಲ್ಲ. ಅವತ್ತು ಆ ಮನುಷ್ಯನಿಗೆ ನಾನು ಊರೆಲ್ಲ ನೋಡುವಂತೆ ಬೈದೆ. ನಿನ್ನ ಸುಳ್ಳೇ ಅದನ್ನು ಕೊಂದಿದ್ದು ಅಂದೆ. ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಎಂಥ ಸತ್ಯಹರಿಶ್ಚಂದ್ರ ನಾನು!

ನನ್ನ ಜೀಪು ಮೊದಲ ಸಲ ಅವನ ಕೈಗೆ ಹೋದಾಗ ಅದರ ಸ್ಥಿತಿ ಯಾರಿಗೂ ಬೇಡವಾಗಿತ್ತು. ಏರು ಬಂದರೆ ಕರೀ ಹೊಗೆ, ನಿಂತರೆ ಗಡಗಡ ನಡುಗಿ ತಾನಾಗೇ ಆಫ್. ಒಬ್ಬರು ಪಂಪು ಅಂದರು, ಇನ್ನೊಬ್ಬರು ನಾಜಲ್ ಅಂದರು, ಮತ್ತೊಬ್ಬರು ಮಾರಿಬಿಡಿ ಅಂದರು. ಕ್ಯಾತಣ್ಣ ಬಟ್ಟೆ ಹಿಡಿದು, ಮೂಸಿ, ಹೂಂ ಅಂದು ಬಾನೆಟ್ ಎತ್ತಿದ. ಇಂಜಿನ್ನಿನ ಬದಿಯಲ್ಲಿ ಮುಷ್ಟಿಯಷ್ಟು ಗಾತ್ರದ ಒಂದು ವಾಲ್ವಿನಿಂದ ಸಣ್ಣ ರಬ್ಬರ್ ಪೈಪು ಬಿಚ್ಚಿ, ಅದರ ತುದಿ ಬಾಯಿಗಿಟ್ಟುಕೊಂಡು ಜೋರಾಗಿ ಹೀರಿದ. ಕಿವಿ ಕೊಟ್ಟು ಕೇಳಿದ. ಮತ್ತೆ ಹೀರಿದ. ಚೆನ್ನಾಗಿರುವ ವಾಲ್ವಾದರೆ ಹೀರಿದಾಗ ಒಂದು ಟಕ್, ಬಿಟ್ಟಾಗ ಒಂದು ಟಕ್ ಸದ್ದು ಬರಬೇಕಂತೆ. ನನ್ನದರಲ್ಲಿ ಏನೂ ಇಲ್ಲ. ವಾಲ್ವು ಬಾಯಿ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿತ್ತು. ಬಿಚ್ಚಿ ತೋರಿಸಿದ, ಒಳಗೆಲ್ಲ ಒಲೆಯ ಮೇಲಿನ ಗೋಡೆಯ ಹಾಗೆ ಮಸಿ.

ಅದರ ಹೆಸರು ಇ.ಜಿ.ಆರ್. ಅಂತ ಅವನಿಗೆ ಗೊತ್ತಿತ್ತು, ಆದರೆ ಹಾಗೆ ಕರೆಯುತ್ತಿರಲಿಲ್ಲ.

"ದನ ತಿಂದಿದ್ದನ್ನೇ ವಾಪಸ್ ಬಾಯಿಗೆ ತಂದು ಮೆಲುಕು ಹಾಕ್ತೈತಲ್ಲ ಡಾಕ್ಟ್ರೇ, ಹಂಗೇ ಇದು. ತಾನು ಬಿಟ್ಟ ಹೊಗೇಲೇ ಸ್ವಲ್ಪ ತಿರುಗಿ ಒಳಕ್ಕೆ ತಗಂತೈತೆ. ಆಗ ಒಳಗಿನ ಬೆಂಕಿ ತಣ್ಣಗಿರ್ತೈತೆ, ಹೊರಗೆ ಬಿಡೋ ವಿಷ ಕಮ್ಮಿ ಆಗ್ತೈತೆ. ಹೊತ್ತಲ್ಲದ ಹೊತ್ತಿನಾಗೂ ಹೊಗೆ ನುಂಗಿದ್ರೆ ಉಸಿರು ಕಟ್ತೈತೆ. ನಿಮ್ದು ಆಗಿರೋದು ಅದೇ."

ದನದ ಡಾಕ್ಟರಿಗೆ ಇದಕ್ಕಿಂತ ಚೆನ್ನಾಗಿ ಯಾವ ಇಂಜಿನಿಯರು ಹೇಳಿಯಾನು? ಒಂದಿಡೀ ದಿನ ಕೂತು ತಂತಿ ಬ್ರಷ್ಷಿನಿಂದ ಮಸಿ ಕೆರೆದು, ಡೀಸೆಲ್ಲಿನಲ್ಲಿ ತೊಳೆದು, ಒಣಗಿಸಿ ಕೂಡಿಸಿದ. ಸಂಜೆ ಜೀಪು ನಿಂತಲ್ಲೇ ಸಣ್ಣಗೆ, ಸಮನಾಗಿ ಉಸಿರಾಡುತ್ತಿತ್ತು. ಅವನು ಅದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಿದ್ದ, ಆಮೇಲೆಯೇ ಟೀ ಕುಡಿದ.

ಆದರೆ ಹಳೇ ಗಾಡಿ ನೋಡಿ, ಕೆಲವು ತಿಂಗಳಿಗೊಮ್ಮೆ ಮತ್ತೆ ಮಸಿ ಕಟ್ಟುತ್ತಿತ್ತು, ಮತ್ತೆ ಒಂದು ದಿನ ಬೇವಿನ ಮರದ ಕೆಳಗೆ ಕೂರಬೇಕಾಗುತ್ತಿತ್ತು. ಸ್ಟ್ಯಾಂಡಿನ ಡ್ರೈವರುಗಳಿಗೆ ಇದಕ್ಕೊಂದು ಸುಲಭದ ದಾರಿ ಗೊತ್ತಿತ್ತು. ಹೊಗೆ ತಿರುಗಿ ಬರುವ ದಾರಿಗೆ ಒಂದು ತಗಡಿನ ಬಿಲ್ಲೆ ಅಡ್ಡ ಕೊಟ್ಟು ಬೋಲ್ಟ್ ಬಿಗಿದರೆ ಆಯಿತು, ಮಸಿಯೂ ಇಲ್ಲ, ತೊಳೆಯುವ ಕೆಲಸವೂ ಇಲ್ಲ. ಹಾಗೆ ಮಾಡಿಕೊಡು ಅಂತ ನಾನು ಎರಡು ಸಲ ಕೇಳಿದೆ. ಎರಡು ಸಲವೂ ಕ್ಯಾತಣ್ಣ ಒಲ್ಲೆ ಅಂದ. ಮೆಲುಕು ನಿಂತ ದನ ಎಷ್ಟು ದಿನ ನಿಂತೀತು, ನೀವೇ ಹೇಳ್ರಿ ಅಂದ. ತನ್ನ ಕೈಯಿಂದ ಯಾವ ಗಾಡಿಗೂ ತಗಡು ಹಾಕಿಲ್ಲ, ಹಾಕುವುದೂ ಇಲ್ಲ ಅಂದ. ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಇದು ಗೊತ್ತಿದ್ದ ಮಾತು. ಕೆಲವರು ನಗುತ್ತಿದ್ದರು, ಆದರೆ ಗಾಡಿ ತರುತ್ತಿದ್ದುದು ಅವನ ಹತ್ತಿರವೇ.

ಈಗ ನನ್ನ ಕಥೆಗೆ ಬರುತ್ತೇನೆ. ಒಂದು ಮದುವೆಗೆಂದು ಬಳ್ಳಾರಿಗೆ ಹೋಗಿದ್ದೆ. ಅಲ್ಲಿ ಜೀಪು ಮತ್ತೆ ಕೆಮ್ಮಿತು. ಛತ್ರದ ಪಕ್ಕದಲ್ಲೇ ಇದ್ದ ಮೆಕ್ಯಾನಿಕ್ಕು, ಊಟ ಮಾಡಿ ಬನ್ನಿ ಸಾರ್, ಅಷ್ಟರಲ್ಲಿ ತಗಡು ಹಾಕಿರ್ತೀನಿ ಅಂದ. ನಾನು ಊಟಕ್ಕೆ ಹೋದೆ. ಹೋಳಿಗೆ ತಿನ್ನುವಾಗ ಕ್ಯಾತಣ್ಣನ ನೆನಪು ಬಂತು, ಇಲ್ಲವೆಂದರೆ ಸುಳ್ಳಾಗುತ್ತದೆ. ಅವನಿಗೆ ಹೇಗೆ ಗೊತ್ತಾಗುತ್ತದೆ ಅಂದುಕೊಂಡು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಒಂದೆರಡು ವಾರ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಮೀಟರಿನ ಹಳದಿ ದೀಪ ಹತ್ತಿಕೊಂಡಿತು. ಒಳಗಿನ ಕಂಪ್ಯೂಟರು ತಿರುಗಿ ಬರಬೇಕಾದ ಹೊಗೆ ಯಾಕೆ ಬರುತ್ತಿಲ್ಲ ಅಂತ ಹುಡುಕಿ, ಸಿಗದೆ, ಇಂಜಿನ್ನಿನ ಬಲವನ್ನೇ ಕಡಿಮೆ ಮಾಡಿಬಿಟ್ಟಿತ್ತು. ಮೊಳಕಾಲ್ಮುರಿನ ಏರಿನಲ್ಲಿ ಸೈಕಲ್ಲಿನವನು ನನ್ನನ್ನು ದಾಟಿಕೊಂಡು ಹೋದ. ಬಳ್ಳಾರಿಗೆ ಹೋಗಲು ಪುರುಸೊತ್ತಿರಲಿಲ್ಲ, ಹಟ್ಟಿಗಳ ಲಸಿಕೆಯ ದಿನ ಹತ್ತಿರ ಬಂದಿತ್ತು. ಬೇವಿನ ಮರದ ಕೆಳಗೇ ತಂದು ನಿಲ್ಲಿಸಿದೆ.

ಕ್ಯಾತಣ್ಣ ಬಟ್ಟೆ ಮೂಸಿದ. ಹೂಂ ಅನ್ನಲಿಲ್ಲ. ಬೇರೆ ಯಾರಾದರೂ ಕೈ ಹಾಕಿದ್ದಾರಾ ಅಂತ ಕೇಳಿದ. ಇಲ್ಲ ಅಂದೆ.

ಯಾಕೆ ಹಾಗೆ ಅಂದೆ ಅಂತ ಆಮೇಲೆ ಸಾವಿರ ಸಲ ಕೇಳಿಕೊಂಡಿದ್ದೇನೆ. ಅವನೇನು ನನ್ನ ಮೇಷ್ಟ್ರೇ, ಬೆತ್ತ ಹಿಡಿದಿದ್ದನೇ? ಬೇಡ ಅಂದದ್ದನ್ನು ಅವನ ಬೆನ್ನ ಹಿಂದೆ ಮಾಡಿಸಿದ್ದೆನಲ್ಲ, ಆ ನಾಚಿಕೆ. ಸಣ್ಣ ನಾಚಿಕೆ. ಅದನ್ನು ಮುಚ್ಚಲು ಹೋಗಿ ದೊಡ್ಡದನ್ನು ಮೈಮೇಲೆ ಎಳೆದುಕೊಂಡೆ.

ಅವನು ಪೈಪು ಹೀರಿದ. ಟಕ್ ಅಂತು. ಬಿಟ್ಟ, ಟಕ್ ಅಂತು. ಇಂಜಿನ್ ಚಾಲೂ ಇಟ್ಟು ಮತ್ತೆ ಹೀರಿದ. ಹಾಗೆ ಹೀರಿದಾಗ ಹೊಗೆ ಒಳಕ್ಕೆ ನುಗ್ಗಿ ಇಂಜಿನ್ ಒಂದು ಕ್ಷಣ ತಡವರಿಸಬೇಕು. ತಡವರಿಸಲಿಲ್ಲ. ಅವನು ಎದ್ದು ನಿಂತು ನನ್ನ ಮುಖ ನೋಡಿದ.

"ಡಾಕ್ಟ್ರೇ, ವಾಲ್ವ್ ಸರಿಯಾಗೈತೆ, ಹೊಗೆ ತಿರುಗಿ ಬರ್ತಿಲ್ಲ. ಯಾರಾನ ತಗಡು ಹಾಕಿದಾರಾ?"

"ಇಲ್ಲ ಕ್ಯಾತಣ್ಣ, ಯಾರು ಹಾಕ್ತಾರೆ?"

"ಗಾಡಿ ಒಂದು ಹೇಳ್ತೈತೆ, ನೀವೊಂದು ಹೇಳ್ತೀರಿ," ಅಂದ. ಆಮೇಲೆ ನನ್ನ ಮಾತನ್ನೇ ನಂಬಿದ. ಜೀವಮಾನವೆಲ್ಲ ಇಂಜಿನ್ನಿನ ಮಾತು ಕೇಳಿದವನು ಅವತ್ತೊಂದು ದಿನ ಮನುಷ್ಯನ ಮಾತು ಕೇಳಿದ.

ಬಳ್ಳಾರಿಯವನು ತಗಡು ಹಾಕಿದ್ದು ಹೊಗೆಯ ಪೈಪು ಇಂಜಿನ್ನಿಗೆ ಸೇರುವ ಒಳಮೂಲೆಯಲ್ಲಿ. ಅಲ್ಲಿನ ಹಳೇ ಬೋಲ್ಟುಗಳನ್ನು ಮುಟ್ಟಿದರೆ ಮುರಿದು ಒಳಗೇ ಉಳಿಯುತ್ತವೆ, ಅದಕ್ಕೆ ಕ್ಯಾತಣ್ಣ ಕಾರಣವಿಲ್ಲದೆ ಅಲ್ಲಿಗೆ ಪಾನಾ ಹಾಕುತ್ತಿರಲಿಲ್ಲ. ಹೊಗೆಯ ದಾರಿ ಮಸಿಯಿಂದಲೇ ಕಟ್ಟಿರಬೇಕು ಅಂದುಕೊಂಡು ಈಚೆ ಕಡೆಯದನ್ನೆಲ್ಲ ಬಿಚ್ಚಿ ಎರಡು ದಿನ ತೊಳೆದ. ಮೊಣಕೈ ತನಕ ಕಪ್ಪು. ನಾನು ಎದುರಿಗೆ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದೆ. ಕೂಡಿಸಿ ಚಾಲೂ ಮಾಡಿದರೆ ಹಳದಿ ದೀಪ ಹಾಗೇ ಇತ್ತು.

ಮೂರನೇ ದಿನ, ಎದುರಿಗೆ ಹೊಸದಾಗಿ ಬಂದಿದ್ದ ಕಂಪ್ಯೂಟರ್ ಗ್ಯಾರೇಜಿಗೆ ತೋರಿಸೋಣ ಅಂತ ಸ್ಟ್ಯಾಂಡಿನ ಬಸಣ್ಣ ಹೇಳಿದ. ಬಸಣ್ಣ ಅಲ್ಲಿ ಎಲ್ಲರಿಗಿಂತ ಹಳೇ ಡ್ರೈವರು, ಅವನ ಮಾತಿಗೆ ತೂಕ. ಹೊಸ ಗ್ಯಾರೇಜಿನ ಮಂಜುನಾಥ ಓದಿದ ಹುಡುಗ. ಯಂತ್ರ ಸಿಕ್ಕಿಸಿ ನೋಡಿ, ಹೊಗೆಯ ದಾರಿ ಬಂದ್ ಆಗಿದೆ ಅಂದ. ಟಾರ್ಚ್ ಬಿಟ್ಟು ಬಗ್ಗಿ ನೋಡಿದವನಿಗೆ ತಗಡಿನ ಅಂಚು ಹೊಳೆದದ್ದು ಕಂಡಿತು. ಬೋಲ್ಟ್ ಬಿಚ್ಚಿ ಅದನ್ನು ಹೊರಗೆಳೆಯುವ ಹೊತ್ತಿಗೆ ಏಳೆಂಟು ಡ್ರೈವರುಗಳು ಸುತ್ತ ನಿಂತಿದ್ದರು. ಯಾರೋ ಕೂಗಿದರು, ಕ್ಯಾತಣ್ಣನೂ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದ.

ಮಂಜುನಾಥ ಮರ್ಯಾದೆಯಿಂದಲೇ ತಗಡನ್ನು ಅವನ ಕೈಗೆ ಕೊಟ್ಟು, ಯಜಮಾನ್ರೇ ಇದು ನಿಮ್ಮದಾ ಅಂತ ಕೇಳಿದ. ನಾನು ತಗಡು ಹಾಕಲ್ಲ ಅಂತ ಕ್ಯಾತಣ್ಣ ಹೇಳುವಷ್ಟರಲ್ಲಿ ಬಸಣ್ಣ ನಡುವೆ ಬಾಯಿ ಹಾಕಿದ.

"ಡಾಕ್ಟ್ರ ಗಾಡಿಗೆ ನಿನ್ನ ಬಿಟ್ಟು ಬ್ಯಾರೆ ಯಾರೂ ಕೈ ಹಾಕಿಲ್ಲಲ್ಲೋ. ಅಲ್ವಾ ಡಾಕ್ಟ್ರೇ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆ ಆಡಿಸಿದೆ. ಕುತ್ತಿಗೆ ತಾನಾಗೇ ಆಡಿತು ಅಂತ ಬಹಳ ದಿನ ಸಮಾಧಾನ ಹೇಳಿಕೊಂಡಿದ್ದೆ. ಸುಳ್ಳು. ನಾನೇ ಆಡಿಸಿದ್ದು.

ಕ್ಯಾತಣ್ಣ ತಗಡನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನನ್ನನ್ನು ಕೇಳಿದ. ಜಗಳದ ದನಿಯಲ್ಲಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ.

"ನಾನು ಹಾಕಿದ್ನಾ ಡಾಕ್ಟ್ರೇ?"

"ಮರೆತಿರಬೇಕು ಬಿಡು ಕ್ಯಾತಣ್ಣ," ಅಂದೆ.

ಅರವತ್ತಕ್ಕೆ ಅರಳು ಮರಳು ಅಂತ ಹಿಂದಿನಿಂದ ಯಾರೋ ಅಂದರು, ಎಲ್ಲರೂ ನಕ್ಕರು. ನಮಗೆಲ್ಲ ಬುದ್ಧಿ ಹೇಳಿ ತಾನೇ ಹಾಕಿದ್ದಾನೆ ನೋಡು ಅಂದ ಬಸಣ್ಣ. ಕ್ಯಾತಣ್ಣ ತಗಡನ್ನು ಜೇಬಿಗೆ ಹಾಕಿಕೊಂಡು ರಸ್ತೆ ದಾಟಿ ವಾಪಸು ಹೋದ. ದಾಟುವಾಗ ಎರಡೂ ಕಡೆ ನೋಡಲಿಲ್ಲ.

ತಿಂಗಳೊಳಗೆ ಅವನು ಗ್ಯಾರೇಜು ಮುಚ್ಚಿದ. ಗಿರಾಕಿಗಳು ಬರಲಿಲ್ಲ ಅಂತಲ್ಲ, ಬರುವವರು ಬರುತ್ತಿದ್ದರು. ಬ್ರೇಕಿನ ಕೆಲಸಕ್ಕೆ ಬಂದ ಒಬ್ಬನನ್ನು ಅವನೇ ವಾಪಸು ಕಳಿಸಿದನಂತೆ. ತಗಡು ಹಾಕಿದ್ದೇ ಮರೆತವನು ಬೋಲ್ಟ್ ಬಿಗಿಯೋದು ಮರೆತರೆ ಜನ ಸಾಯ್ತಾರೆ ಅಂದನಂತೆ. ಪಾನಾಗಳನ್ನು ಒಂದು ಗೋಣಿಚೀಲಕ್ಕೆ ಕಟ್ಟಿ, ಹೆಂಡತಿ ಈರಕ್ಕನನ್ನು ಕರೆದುಕೊಂಡು ಹಟ್ಟಿಗೆ ಹೋದ. ಸುದ್ದಿ ಕೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಇನ್ನು ದಿನಾ ಅವನ ಮುಖ ನೋಡುವುದು ತಪ್ಪಿತಲ್ಲ ಅಂತ ಹಗುರ ಅನ್ನಿಸಿತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ.

ನಾಲ್ಕು ವರ್ಷ ಆ ಹಟ್ಟಿಯ ಕೆಲಸವನ್ನು ಜೊತೆಯವರಿಗೆ ದಾಟಿಸಿ ತಪ್ಪಿಸಿಕೊಂಡೆ. ಹೋದ ವರ್ಷ ತಪ್ಪಿಸಿಕೊಳ್ಳಲಾಗಲಿಲ್ಲ. ಕುರಿಗಳಿಗೆ ಲಸಿಕೆ ಹಾಕಲು ಹೋದರೆ, ಜಟಿಂಗ ರಾಮೇಶ್ವರದ ಬೆಟ್ಟದ ಕಡೆಯಿಂದ ಕ್ಯಾತಣ್ಣ ಕುರಿ ಹೊಡೆದುಕೊಂಡು ಬಂದ. ಸಣಕಲಾಗಿದ್ದ. ಡಾಕ್ಟ್ರೇ ಚೆನ್ನಾಗಿದೀರಾ ಅಂತ ನಕ್ಕ, ಗಾಡಿ ಹೆಂಗೈತೆ ಅಂತ ಕೇಳಿದ. ಅವನು ಕುರಿಗಳನ್ನು ಎಣಿಸಿದ, ಮತ್ತೆ ಎಣಿಸಿದ, ಮೂರನೇ ಸಲ ಈರಕ್ಕನನ್ನು ಕರೆದು ಎಣಿಸು ಅಂದ. ಲೆಕ್ಕ ಮೂರು ಸಲವೂ ಒಂದೇ ಇತ್ತು. ನನ್ನ ತಲೆ ನಂಬಂಗಿಲ್ಲ ಡಾಕ್ಟ್ರೇ, ನಿಮ್ಮ ಗಾಡಿಯಿಂದ್ಲೇ ಗೊತ್ತಾಗಿದ್ದು ಅಂದ. ಈರಕ್ಕ ಆಮೇಲೆ ನನಗೆ ಮೆಲ್ಲಗೆ ಹೇಳಿದಳು: ಉಂಡೆನೋ ಇಲ್ಲವೋ ಅಂತಲೂ ಅವಳನ್ನೇ ಕೇಳುತ್ತಾನೆ, ಎಲ್ಲ ನೆನಪಿರುತ್ತದೆ, ಆದರೂ ಕೇಳುತ್ತಾನೆ.

ಬರೀ ಗಿರಾಕಿ ಹೋಗಿದ್ದರೆ ಬೇರೆ ಮಾತು. ನಾನು ಕಿತ್ತುಕೊಂಡದ್ದು ಅವನ ಕೈಯ ಮೇಲೆ ಅವನಿಗಿದ್ದ ನಂಬಿಕೆಯನ್ನೇ. ಅವತ್ತೂ ಹೇಳಲಿಲ್ಲ. ಎರಡನೇ ಸಲ ಹೋದಾಗಲೂ ಹೇಳಲಿಲ್ಲ. ಮೂರನೇ ಸಲ ಅವನ ಅಂಗಳದಲ್ಲಿ ಮಜ್ಜಿಗೆ ಲೋಟ ಹಿಡಿದು ಕೂತವನು, ಕುಡಿಯದೆ, ಬಳ್ಳಾರಿಯ ಮದುವೆಯಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಬೈಯಲಿ, ಬೇಕಾದರೆ ಹೊಡೆಯಲಿ ಅಂತ ತಯಾರಾಗಿ ಕೂತೆ.

ಅವನು ನನ್ನ ಕಡೆ ನೋಡಲೂ ಇಲ್ಲ. ಬಾಗಿಲ ಕಡೆ ತಿರುಗಿ, "ನಾನು ಹಾಕಿಲ್ಲಂತೆ ಕಣೇ," ಅಂದ. ಈರಕ್ಕ ಹೊರಗೆ ಬಂದು ನಿಂತಳು. ಅವಳು ನೋಡಿದ ನೋಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಆಮೇಲೆ ಕ್ಯಾತಣ್ಣ ನನ್ನನ್ನು ಕೇಳಿದ್ದು ಒಂದೇ. ಇದನ್ನು ಇಲ್ಲಿ ಹೇಳಿದರೆ ಕುರಿ ಕೇಳ್ತಾವೆ, ಸ್ಟ್ಯಾಂಡಿನಾಗೆ ಹೇಳ್ರಿ, ಬಸಣ್ಣನ ಮುಂದೆ ಹೇಳ್ರಿ ಅಂದ. ಹೇಳುತ್ತೇನೆ ಅಂತ ಮಾತು ಕೊಟ್ಟು ಬಂದೆ.

ಆ ವಾರವೇ ಹೋದೆ, ಅಷ್ಟರ ಮಟ್ಟಿಗೆ ನನಗೆ ನಾನೇ ಶಾಬಾಶ್ ಅಂದುಕೊಂಡೆ. ಸ್ಟ್ಯಾಂಡಿನಲ್ಲಿ ಬಸಣ್ಣ ಇದ್ದ, ಮಂಜುನಾಥನೂ ಟೀ ಕುಡಿಯಲು ಬಂದಿದ್ದ, ಇನ್ನು ನಾಲ್ಕೈದು ಜನ ಇದ್ದರು. ತಗಡು ಹಾಕಿಸಿದ್ದು ನಾನು, ಬಳ್ಳಾರಿಯಲ್ಲಿ, ಕ್ಯಾತಣ್ಣನಿಗೆ ಸುಳ್ಳು ಹೇಳಿದೆ, ನಿಮಗೂ ಸುಳ್ಳು ಹೇಳಿದೆ ಅಂದೆ. ಯಾರೂ ಬೈಯಲಿಲ್ಲ. ಮಂಜುನಾಥ ಫೋನು ನೋಡುತ್ತಿದ್ದ. ಬಸಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟ.

"ನೀವು ದೊಡ್ಡ ಮನಸಿನೋರು ಡಾಕ್ಟ್ರೇ. ಅವನ ಮರ್ಯಾದೆ ಉಳಿಸಾಕೆ ನಿಮ್ಮ ಮ್ಯಾಲೆ ಹಾಕ್ಕಂತೀರಿ. ಇಂಥೋರು ಎಲ್ಲಿ ಸಿಗ್ತಾರೆ?"

ಇಲ್ಲ ಬಸಣ್ಣ, ನಿಜ ಹೇಳುತ್ತಿದ್ದೇನೆ ಅಂದೆ. ಹಾಗೆ ಅಂದಷ್ಟೂ ಅವರ ಕಣ್ಣಲ್ಲಿ ನಾನು ದೊಡ್ಡವನಾಗುತ್ತ ಹೋದೆ. ಡಾಕ್ಟ್ರಿಗೆ ಒಂದು ಸ್ಪೆಷಲ್ ಟೀ ಅಂತ ಕೂಗಿದರು. ಇನ್ನೂ ಜೋರಾಗಿ ಹೇಳಬಹುದಿತ್ತು. ಬಳ್ಳಾರಿಯವನನ್ನು ಕರೆತಂದು ನಿಲ್ಲಿಸಬಹುದಿತ್ತು. ನಾನು ಟೀ ಕುಡಿದು ಎದ್ದು ಬಂದೆ.

ಮುಂದಿನ ವಾರ ಹಟ್ಟಿಗೆ ಹೋದೆ. ಅದೇ ಕೊನೆಯ ಭೇಟಿ, ಆ ಬೇಸಿಗೆ ಕಳೆಯುವುದರೊಳಗೆ ಕ್ಯಾತಣ್ಣ ತೀರಿಕೊಂಡ. ಅವತ್ತು ಅವನು ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಜೀಪಿನಿಂದ ಇಳಿಯುವುದೇ ತಡ, ಹೇಳಿದ್ರಾ ಅಂತ ಕೇಳಿದ. ಹೇಳಿದೆ ಅಂದೆ. ಏನಂದ ಬಸಣ್ಣ ಅಂತ ಕೇಳಿದ.

ಆ ಮುಖ ನೋಡಿ ನನ್ನ ನಾಲಿಗೆ ಮತ್ತೆ ಹಳೇ ದಾರಿಯನ್ನೇ ಹಿಡಿಯಿತು. ಬಸಣ್ಣ ತಲೆ ತಗ್ಗಿಸಿದ ಅಂದೆ. ಕ್ಯಾತಣ್ಣನಂಥ ಮೇಸ್ತ್ರಿಗೆ ನಾವು ಹಂಗನ್ನಬಾರದಿತ್ತು ಅಂದ ಅಂದೆ. ಮಂಜುನಾಥ, ಯಜಮಾನ್ರ ಹತ್ರ ನಾನೂ ಕಲೀಬೇಕು ಅಂದ ಅಂದೆ. ಕ್ಯಾತಣ್ಣ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಅವನ್ನೇ ನೋಡುತ್ತಿದ್ದ.

ಆಮೇಲೆ ಈರಕ್ಕನನ್ನು ಕೂಗಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

"ಇನ್ನೊಂದು ಸಲ ಹೇಳ್ರಿ ಡಾಕ್ಟ್ರೇ. ಇವಳೂ ಕೇಳ್ಲಿ."

ನಾನು ಮೊದಲಿನಿಂದ ಹೇಳಿದೆ. ಈ ಸಲ ಇನ್ನಿಬ್ಬರು ಡ್ರೈವರುಗಳನ್ನು ಸೇರಿಸಿದೆ.